ಎಣಿಸುವುದು ಮತ್ತು ತೂಗುವುದು: ಸಲಿಂಗ ವಿವಾಹ ಹಾಗೂ ಜನಮತದ ಪ್ರಶ್ನೆ

ಲೋಕವ್ಯವಹಾರದಲ್ಲಿ ಕೆಲವು ವಸ್ತುಗಳನ್ನು ಎಣಿಸಿ ಕೊಡುವುದು ರೂಢಿ, ಕೆಲವನ್ನು ತೂಗಿ ಕೊಡುವುದು ರೂಢಿ. ತೆಂಗಿನಕಾಯಿ, ವೀಳ್ಯದೆಲೆಗಳನ್ನು ಎಣಿಸುತ್ತಾರೆ. ಬೆಲ್ಲ, ಅಡಿಕೆಗಳನ್ನು ತೂಗುತ್ತಾರೆ. ತೂಗಬೇಕಾದುದನ್ನು ಎಣಿಸಿ ಕೊಟ್ಟರೆ ಕೊಡುವವನಿಗೋ ಕೊಳ್ಳುವವನಿಗೋ ನಷ್ಟ ತಪ್ಪದು. ಪ್ರಜಾಪ್ರಭುತ್ವಕ್ಕೂ ಇಂತಹುದೇ ಒಂದು ವಿವೇಕ ಬೇಕಾಗುತ್ತದೆ. ಯಾವ ಪ್ರಶ್ನೆಯನ್ನು ಮತಗಳ ಎಣಿಕೆಯಿಂದ ಮುಗಿಸಬಹುದು, ಯಾವುದನ್ನು ನ್ಯಾಯಾನ್ಯಾಯಗಳನ್ನು ತೂಗಿ ನೋಡಿದ ಮೇಲಷ್ಟೇ ತೀರ್ಮಾನಿಸಬೇಕು ಎಂಬ ವಿವೇಚನೆಯೇ ಅದು.

ಕಳೆದ ಕಾಲು ಶತಮಾನದಲ್ಲಿ ಈ ವಿವೇಚನೆಯನ್ನು ಅತ್ಯಂತ ಕಠಿಣ ಪರೀಕ್ಷೆಗೆ ಒಡ್ಡಿರುವ ವಿಷಯ ಸಲಿಂಗ ವಿವಾಹ. 2001ರ ಏಪ್ರಿಲ್ 1ರಂದು ನೆದರ್ಲೆಂಡ್ಸ್ ದೇಶವು ಜಗತ್ತಿನಲ್ಲಿಯೇ ಮೊದಲಿಗೆ ಇಂತಹ ವಿವಾಹಕ್ಕೆ ಕಾಯಿದೆಯ ಮಾನ್ಯತೆ ನೀಡಿತು. ಇಂದು 35ಕ್ಕೂ ಹೆಚ್ಚು ದೇಶಗಳಲ್ಲಿ ಆ ಮಾನ್ಯತೆ ಇದೆ. ಆದರೆ ಅವೆಲ್ಲವೂ ಒಂದೇ ದಾರಿಯಲ್ಲಿ ನಡೆದು ಬಂದವಲ್ಲ. ಕೆಲವೆಡೆ ಶಾಸನಸಭೆಗಳು ತೀರ್ಮಾನಿಸಿದವು, ಕೆಲವೆಡೆ ನ್ಯಾಯಾಲಯಗಳು ಆಜ್ಞಾಪಿಸಿದವು, ಇನ್ನು ಕೆಲವೆಡೆ ಇಡೀ ಮತದಾರ ಸಮೂಹದ ಮುಂದೆ ಪ್ರಶ್ನೆಯನ್ನಿಟ್ಟು ಜನಮತಗಣನೆ ನಡೆಸಲಾಯಿತು.

ಇಂತಹ ಸಂಬಂಧವನ್ನು ಆಯಾ ಧರ್ಮಗಳು ಹೇಗೆ ಕಾಣುತ್ತವೆ ಎಂಬುದು ಬೇರೆಯೇ ಆದ ಚರ್ಚೆ. ಅದನ್ನು ಆಯಾ ಧರ್ಮದ ಆಚಾರ್ಯರೂ ಶಾಸ್ತ್ರಜ್ಞರೂ ನಡೆಸತಕ್ಕದ್ದು. ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಅದಕ್ಕಿಂತ ಹಿಂದಿನ ಒಂದು ನೈತಿಕ ಪ್ರಶ್ನೆ. ಕೆಲವೇ ಜನರ ಬಾಳಿಗೆ ಸಂಬಂಧಿಸಿದ ವಿಷಯವನ್ನು ಬಹುಜನರು ತೀರ್ಮಾನಿಸುವಾಗ, ಆ ಬಹುಜನರ ಮೇಲೆ ಬೀಳುವ ಹೊಣೆ ಯಾವುದು?

ಒಂದೇ ರಾಜ್ಯ, ಎರಡು ತೀರ್ಪು

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಎಂಬ ಚಿಕ್ಕ ರಾಜ್ಯವಿದೆ. ಅದರ ಜನಸಂಖ್ಯೆ ಸುಮಾರು ಹದಿನಾಲ್ಕು ಲಕ್ಷ. 2009ರ ಏಪ್ರಿಲ್‌ನಲ್ಲಿ ಅಲ್ಲಿಯ ಶಾಸನಸಭೆಯ ಸಮಿತಿಯೊಂದು ಸಲಿಂಗ ವಿವಾಹದ ಮಸೂದೆಯ ಬಗ್ಗೆ ರಾಜಧಾನಿ ಆಗಸ್ಟಾದಲ್ಲಿ ಸಾರ್ವಜನಿಕ ವಿಚಾರಣೆ ನಡೆಸಿತು. ಸಾವಿರಾರು ಮಂದಿ ನೆರೆದರು. ಪರವಾಗಿ ಇದ್ದವರೂ ವಿರುದ್ಧವಾಗಿ ಇದ್ದವರೂ ಸರತಿಯಲ್ಲಿ ನಿಂತು ಮಾತನಾಡಿದರು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ್ದ ವೃದ್ಧರೊಬ್ಬರು ಎದ್ದು ನಿಂತು, ತಮ್ಮ ನಾಲ್ವರು ಗಂಡುಮಕ್ಕಳಲ್ಲಿ ಒಬ್ಬ ಸಲಿಂಗಪ್ರೇಮಿಯೆಂದೂ, ನಾಲ್ವರನ್ನೂ ಸಮಾನವಾಗಿ ಬೆಳೆಸಿದ ತಂದೆಯಾಗಿ ಅವರಿಗೆ ಸಮಾನ ಹಕ್ಕು ಬೇಕೆಂದೂ ಕೇಳಿಕೊಂಡರು. ಶಾಸನಸಭೆ ಮಸೂದೆಯನ್ನು ಅಂಗೀಕರಿಸಿತು. ರಾಜ್ಯಪಾಲ ಜಾನ್ ಬಾಲ್ಡಾಚಿ ಅವರು ಹಿಂದೆ ಇಂತಹ ವಿವಾಹವನ್ನು ವಿರೋಧಿಸಿದ್ದವರು. ಎರಡೂ ಪಕ್ಷಗಳ ವಾದವನ್ನು ಕೇಳಿದ ಮೇಲೆ, ಇದು ಸಂವಿಧಾನದ ಸಮಾನತೆಗೆ ಸೇರಿದ ವಿಷಯವೆಂದು ಮನಗಂಡು, ಮೇ 6ರಂದು ಅಂಕಿತ ಹಾಕಿದರು.

ಆದರೆ ಆ ರಾಜ್ಯದಲ್ಲಿ ಶಾಸನಸಭೆ ಮಾಡಿದ ಕಾಯಿದೆಯನ್ನು ಅದು ಜಾರಿಗೆ ಬರುವ ಮೊದಲೇ ತಡೆಯುವ ಹಕ್ಕು ಮತದಾರರಿಗೆ ಇದೆ. ಗೊತ್ತುಪಡಿಸಿದಷ್ಟು ಸಹಿಗಳನ್ನು ಸಂಗ್ರಹಿಸಿದರೆ ಜನಮತಗಣನೆ ನಡೆಯಲೇಬೇಕು. ಸಹಿಗಳು ಸಂಗ್ರಹವಾದವು. 2009ರ ನವೆಂಬರ್ 3ರಂದು ಮತದಾರರಲ್ಲಿ ಶೇಕಡ 53ರಷ್ಟು ಮಂದಿ ಕಾಯಿದೆಯನ್ನು ರದ್ದುಗೊಳಿಸಿದರು. ಒಂದು ದಿನವೂ ಜಾರಿಯಲ್ಲಿರದೆ ಆ ಕಾಯಿದೆ ಅಳಿಯಿತು.

ಮೂರು ವರ್ಷಗಳು ಕಳೆದವು. 2012ರ ನವೆಂಬರ್ 6ರಂದು ಅದೇ ರಾಜ್ಯದಲ್ಲಿ ಅದೇ ಪ್ರಶ್ನೆ ಮತ್ತೆ ಮತದಾರರ ಮುಂದೆ ಬಂದಿತು. ಈ ಸಲ ಸುಮಾರು ಶೇಕಡ 53ರಷ್ಟು ಮಂದಿ ಒಪ್ಪಿಗೆ ನೀಡಿದರು. ಅಲ್ಲಿಯವರೆಗೆ ಅಮೆರಿಕದ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಮತದಾರರು ಸಲಿಂಗ ವಿವಾಹವನ್ನು ಒಂದಲ್ಲ ಒಂದು ರೂಪದಲ್ಲಿ ನಿರಾಕರಿಸಿದ್ದರು. ಮೇನ್, ಮೇರಿಲ್ಯಾಂಡ್ ಮತ್ತು ವಾಷಿಂಗ್ಟನ್ ರಾಜ್ಯಗಳು ಅದೇ ದಿನ ಮೊದಲ ಬಾರಿಗೆ ಜನಮತದಿಂದಲೇ ಅದನ್ನು ಒಪ್ಪಿದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 2009ರಲ್ಲಿ ಅನ್ಯಾಯವಾಗಿದ್ದುದು 2012ರಲ್ಲಿ ನ್ಯಾಯವಾಯಿತೇ? ಅಥವಾ 2009ರಲ್ಲಿ ನ್ಯಾಯವೇ ಆಗಿದ್ದುದು ಮೂರು ವರ್ಷ ಕಾಯಬೇಕಾಯಿತೇ? ಎರಡರಲ್ಲಿ ಯಾವುದನ್ನು ಹೇಳಿದರೂ, ನ್ಯಾಯವು ನೂರಕ್ಕೆ ಆರು ಮತಗಳು ಇತ್ತಲಿಂದತ್ತ ಸರಿದುದರಿಂದ ಹುಟ್ಟಿತೆಂದು ಯಾರೂ ಹೇಳಲಾರರು. ಮತಗಳು ಕಾಯಿದೆಯನ್ನು ಮಾಡಿದವು ಅಷ್ಟೇ.

ಆ ಮೂರು ವರ್ಷಗಳಲ್ಲಿ ನಡೆದುದೇನು ಎಂಬುದು ಇನ್ನೂ ಮುಖ್ಯ. ಸೋತವರು ಜಾಹೀರಾತುಗಳನ್ನಷ್ಟೇ ನೆಚ್ಚದೆ ಮನೆಮನೆಗೆ ಹೋದರು. ವಿರುದ್ಧ ಮತ ಹಾಕಿದ್ದವರ ಬಾಗಿಲಲ್ಲಿ ನಿಂತು, ಅವರ ಸಂದೇಹಗಳನ್ನು ಕೇಳಿಸಿಕೊಂಡು, ವಿವಾಹವೆಂದರೆ ಅವರಿಗೆ ಏನು ಅರ್ಥವೆಂದು ವಿಚಾರಿಸಿ, ತಮ್ಮ ಬಾಳಿನಲ್ಲಿ ಅದಕ್ಕಿರುವ ಅರ್ಥವನ್ನು ಹೇಳಿದರು. ಶಾಸನಸಭೆಯ ವಿಚಾರಣೆಯಲ್ಲಿ ಆಗಿದ್ದ ಶ್ರವಣ ಮತ್ತು ಮಾತು ಈ ಸಲ ಹೊಸ್ತಿಲುಗಳಲ್ಲಿ ಆಯಿತು. 2009ರಲ್ಲಿ ಶಾಸಕರು ಕೇಳಿದ್ದನ್ನು 2012ರಲ್ಲಿ ಮತದಾರರು ಕೇಳಿದರು. ಎರಡು ತೀರ್ಪುಗಳ ನಡುವಿನ ವ್ಯತ್ಯಾಸವು ಬಹುಮಟ್ಟಿಗೆ ಅಲ್ಲಿದೆ.

ಕಾರಣ ಹೇಳುವ ಹೊಣೆ

ಶಾಸನಸಭೆಯ ಸದಸ್ಯನು ಮತ ನೀಡುವುದು ಬಹಿರಂಗವಾಗಿ. ಅವನ ಹೆಸರು ದಾಖಲೆಯಲ್ಲಿರುತ್ತದೆ. ಅವನು ಕಾರಣ ಹೇಳಬೇಕು, ಎದುರಾಳಿಯ ವಾದಕ್ಕೆ ಉತ್ತರ ಕೊಡಬೇಕು, ಮುಂದಿನ ಚುನಾವಣೆಯಲ್ಲಿ ಅದರ ಲೆಕ್ಕವನ್ನೂ ಒಪ್ಪಿಸಬೇಕು. ಮತಗಟ್ಟೆಯ ಪರದೆಯ ಹಿಂದೆ ನಿಂತ ಮತದಾರನಿಗೆ ಈ ಯಾವ ಬಂಧನವೂ ಇಲ್ಲ. ಗುಪ್ತ ಮತದಾನವು ಪ್ರತಿನಿಧಿಗಳನ್ನು ಆರಿಸುವಾಗ ಮತದಾರನಿಗೆ ರಕ್ಷಣೆ. ಆದರೆ ನೆರೆಯವನ ವಿವಾಹ ಸಿಂಧುವೋ ಅಸಿಂಧುವೋ ಎಂದು ತೀರ್ಮಾನಿಸುವಾಗ ಅದೇ ಗೋಪ್ಯತೆಯು, ಕಾರಣ ಹೇಳದೆ ತೀರ್ಪು ಕೊಡುವ ಅಧಿಕಾರವಾಗುತ್ತದೆ.

ಅದರ ಪರಿಣಾಮ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಕ್ಯಾಲಿಫೋರ್ನಿಯಾ ನಿದರ್ಶನ. 2008ರ ಮೇ ತಿಂಗಳಲ್ಲಿ ಆ ರಾಜ್ಯದ ಉಚ್ಚತಮ ನ್ಯಾಯಾಲಯವು ಸಲಿಂಗ ಜೋಡಿಗಳಿಗೆ ವಿವಾಹದ ಹಕ್ಕಿದೆಯೆಂದು ತೀರ್ಪಿತ್ತಿತು. ಜೂನ್‌ನಿಂದ ನವೆಂಬರ್‌ವರೆಗೆ ಸುಮಾರು 18,000 ಜೋಡಿಗಳು ವಿವಾಹವಾದರೆಂದು ಅಂದಾಜು. ನವೆಂಬರ್‌ನಲ್ಲಿ ಶೇಕಡ 52ರಷ್ಟು ಮತದಾರರು ಸಂವಿಧಾನ ತಿದ್ದುಪಡಿಯ ಮೂಲಕ ಆ ಹಕ್ಕನ್ನು ಹಿಂತೆಗೆದುಕೊಂಡರು. ಆರು ತಿಂಗಳ ಕಾಲ ಆ ಕುಟುಂಬಗಳಿಗೆ ತಮ್ಮ ವಿವಾಹ ಉಳಿದಿದೆಯೋ ಅಳಿದಿದೆಯೋ ತಿಳಿದಿರಲಿಲ್ಲ. 2009ರ ಮೇ ತಿಂಗಳಲ್ಲಿ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯುವುದರೊಡನೆ, ಅದಕ್ಕೆ ಮೊದಲು ನಡೆದ ವಿವಾಹಗಳು ಸಿಂಧುವೇ ಎಂದು ಹೇಳಿತು. ಒಂದೇ ಬೀದಿಯಲ್ಲಿ, ಅಕ್ಟೋಬರ್‌ನಲ್ಲಿ ವಿವಾಹವಾದ ಜೋಡಿ ದಂಪತಿಗಳೆನಿಸಿದರು, ಡಿಸೆಂಬರ್‌ಗೆ ಮುಹೂರ್ತವಿಟ್ಟುಕೊಂಡವರು ಅದಕ್ಕೆ ಅನರ್ಹರಾದರು. 2013ರಲ್ಲಿ ಫೆಡರಲ್ ನ್ಯಾಯಾಲಯಗಳ ಮೂಲಕ ವಿವಾಹಗಳು ಮತ್ತೆ ಆರಂಭವಾದವು. 2015ರ ಜೂನ್ 26ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಐದಕ್ಕೆ ನಾಲ್ಕರ ಬಹುಮತದಿಂದ ಇಡೀ ದೇಶಕ್ಕೆ ಆ ಹಕ್ಕನ್ನು ವಿಸ್ತರಿಸಿತು. 2008ರ ತಿದ್ದುಪಡಿಯ ವಾಕ್ಯವನ್ನು ಕ್ಯಾಲಿಫೋರ್ನಿಯಾದ ಮತದಾರರು ತಮ್ಮ ಸಂವಿಧಾನದಿಂದ ತೆಗೆದುಹಾಕಿದುದು 2024ರ ನವೆಂಬರ್‌ನಲ್ಲಿ.

ಹಾಗಾದರೆ ಜನರನ್ನು ಕೇಳಲೇಬಾರದೇ, ಎಲ್ಲವನ್ನೂ ನ್ಯಾಯಾಧೀಶರಿಗೆ ಒಪ್ಪಿಸಬೇಕೇ ಎಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಜನರ ಮನವೊಲಿಸದೆ ಮೇಲಿನಿಂದ ಬಂದ ತೀರ್ಪಿಗೆ ಪ್ರತಿಕ್ರಿಯೆಯೂ ಬಲವಾಗಿರುತ್ತದೆ. ಮ್ಯಾಸಚೂಸೆಟ್ಸ್ ರಾಜ್ಯದ ನ್ಯಾಯಾಲಯ 2003ರಲ್ಲಿ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಟ್ಟ ಮರುವರ್ಷ, 2004ರ ನವೆಂಬರ್‌ನ ಒಂದೇ ದಿನದಲ್ಲಿ 11 ರಾಜ್ಯಗಳ ಮತದಾರರು ತಮ್ಮ ಸಂವಿಧಾನಗಳಲ್ಲಿ ಅದಕ್ಕೆ ನಿಷೇಧ ಬರೆದರು. ನೆರೆಹೊರೆಯ ಒಪ್ಪಿಗೆಗೆ ತನ್ನದೇ ಆದ ಬೆಲೆಯಿದೆ. ನ್ಯಾಯಾಲಯದ ಆದೇಶಪತ್ರವು ಹಕ್ಕನ್ನು ಕೊಡಬಲ್ಲುದು, ಬೀದಿಯಲ್ಲಿ ಮರ್ಯಾದೆಯನ್ನು ಕೊಡಲಾರದು. ಆ ಒಪ್ಪಿಗೆಯನ್ನು ಪಡೆಯುವ ರೀತಿ ಯಾವುದೆಂಬುದೇ ಮುಂದಿನ ವಿಚಾರ.

ಎಣಿಸುವ ಮೊದಲು ಆಲಿಸಿದ ದೇಶ

ಈ ವಿಷಯದಲ್ಲಿ ಐರ್ಲೆಂಡಿನ ಅನುಭವ ಗಮನಾರ್ಹ. ಅದು ಕ್ಯಾಥೊಲಿಕ್ ಸಂಪ್ರದಾಯ ಆಳವಾಗಿ ಬೇರೂರಿದ ನಾಡು. 1993ರವರೆಗೆ ಅಲ್ಲಿ ಪುರುಷರ ನಡುವಣ ಸಲಿಂಗ ಸಂಬಂಧ ಅಪರಾಧವಾಗಿತ್ತು. ಅಲ್ಲಿಯ ಸಂವಿಧಾನದ ಯಾವುದೇ ತಿದ್ದುಪಡಿಗೆ ಸಂಸತ್ತಿನ ಅಂಗೀಕಾರ ಸಾಲದು, ಜನಮತಗಣನೆಯೂ ಕಡ್ಡಾಯ.

ಆದರೆ ಸರ್ಕಾರವು ನೇರವಾಗಿ ಮತಪೆಟ್ಟಿಗೆಗೆ ಹೋಗಲಿಲ್ಲ. ಮೊದಲು ನೂರು ಮಂದಿಯ ಒಂದು ಸಂವಿಧಾನ ಸಮಾವೇಶವನ್ನು ರಚಿಸಿತು. ಅವರಲ್ಲಿ 66 ಮಂದಿ ಯಾದೃಚ್ಛಿಕವಾಗಿ ಆಯ್ದ ಸಾಮಾನ್ಯ ನಾಗರಿಕರು, 33 ಮಂದಿ ರಾಜಕಾರಣಿಗಳು, ಒಬ್ಬರು ಅಧ್ಯಕ್ಷರು. ಅವರು ಧರ್ಮಸಂಸ್ಥೆಗಳ ಪ್ರತಿನಿಧಿಗಳ ವಾದವನ್ನೂ ಸಲಿಂಗ ಜೋಡಿಗಳ ಆಶ್ರಯದಲ್ಲಿ ಬೆಳೆದ ಮಕ್ಕಳ ಮಾತನ್ನೂ ಕೇಳಿದರು. 2013ರ ಏಪ್ರಿಲ್‌ನಲ್ಲಿ ಶೇಕಡ 79ರಷ್ಟು ಸದಸ್ಯರು ತಿದ್ದುಪಡಿಗೆ ಶಿಫಾರಸು ಮಾಡಿದರು. ಆ ಬಳಿಕವೂ ಎರಡು ವರ್ಷಗಳ ಕಾಲ ಸಾರ್ವಜನಿಕ ಚರ್ಚೆ ನಡೆಯಿತು. 2015ರ ಜನವರಿಯಲ್ಲಿ ಆರೋಗ್ಯ ಸಚಿವ ಲಿಯೋ ವರಾಡ್ಕರ್ ತಾವು ಸಲಿಂಗಪ್ರೇಮಿಯೆಂದು ಬಾನುಲಿಯಲ್ಲಿ ಬಹಿರಂಗಪಡಿಸಿದರು. ಇವರ ತಂದೆ ಮುಂಬಯಿ ಮೂಲದ ವೈದ್ಯರು. ಎರಡು ವರ್ಷಗಳ ಬಳಿಕ ಇವರೇ ಆ ದೇಶದ ಪ್ರಧಾನಿಯಾದರು.

2015ರ ಮೇ 22ರಂದು ಮತದಾನ ನಡೆಯಿತು. ವಿದೇಶದಲ್ಲಿರುವ ಸಾಮಾನ್ಯ ಪ್ರಜೆಗಳಿಗೆ ಅಂಚೆ ಮತದಾನದ ಸೌಲಭ್ಯವಿಲ್ಲದ ಕಾರಣ ಸಾವಿರಾರು ತರುಣ ತರುಣಿಯರು ಹಡಗು, ವಿಮಾನಗಳಲ್ಲಿ ತಾಯ್ನಾಡಿಗೆ ಬಂದು ಮತ ಹಾಕಿದರು. ಪರವಾಗಿ 12,01,607 ಮತಗಳೂ ವಿರುದ್ಧವಾಗಿ 7,34,300 ಮತಗಳೂ ಬಂದವು. 43 ಕ್ಷೇತ್ರಗಳಲ್ಲಿ ಒಂದು ಮಾತ್ರ ನಿರಾಕರಿಸಿತು. ಅದೇ ದಿನ ರಾಷ್ಟ್ರಾಧ್ಯಕ್ಷ ಪದವಿಯ ಕನಿಷ್ಠ ವಯಸ್ಸನ್ನು 35ರಿಂದ 21ಕ್ಕೆ ಇಳಿಸುವ ಇನ್ನೊಂದು ತಿದ್ದುಪಡಿಯೂ ಮತಕ್ಕೆ ಬಂದಿತ್ತು. ಅದನ್ನು ಶೇಕಡ 73ರಷ್ಟು ಮತದಾರರು ತಿರಸ್ಕರಿಸಿದರು. ಕಣ್ಣುಮುಚ್ಚಿ ಹೊಸತನ್ನೆಲ್ಲ ಒಪ್ಪುವ ಜನ ಅವರಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಮನಸ್ಸಿನಲ್ಲಿಡಬೇಕು. ಎಣಿಕೆಗೆ ಮೊದಲು ತೂಕ ನಡೆದಿತ್ತು ಎಂಬುದು ಒಂದು. ವಿರುದ್ಧ ಮತ ಹಾಕಿದ ಏಳು ಲಕ್ಷಕ್ಕೂ ಮಿಕ್ಕಿದ ಜನರು ಮರುದಿನ ದ್ವೇಷಿಗಳೆಂದು ಊರಿನಿಂದ ಹೊರಗಾಗಲಿಲ್ಲ ಎಂಬುದು ಇನ್ನೊಂದು. ಅವರಲ್ಲಿ ಹಲವರು ತಮ್ಮ ಶ್ರದ್ಧೆಗೆ ಅನುಸಾರವಾಗಿ ಮತ ಹಾಕಿದವರು. ಗೆದ್ದವರು ಸೋತವರ ಅಂತಃಕರಣವನ್ನು ಗೌರವಿಸುವುದೂ ನ್ಯಾಯದ ಒಂದು ಅಂಗವೇ ಆಗಿದೆ.

ಶಾಸನಸಭೆಗಳ ಧೈರ್ಯ ಮತ್ತು ಅಧೈರ್ಯ

ಹಾಗೆಂದು ಶಾಸನಸಭೆಗಳು ಯಾವಾಗಲೂ ತೂಗಿ ನೋಡುವ ತಕ್ಕಡಿಗಳೆಂದು ಭಾವಿಸಲಾಗದು. ಆಸ್ಟ್ರೇಲಿಯಾದ ಸಂಸತ್ತು 2004ರಲ್ಲಿ ಯಾವ ಜನಮತಗಣನೆಯೂ ಇಲ್ಲದೆ, ವಿವಾಹವೆಂದರೆ ಸ್ತ್ರೀಪುರುಷರ ನಡುವಣ ಸಂಬಂಧವೆಂದು ಕಾಯಿದೆಗೆ ತಿದ್ದುಪಡಿ ತಂದಿತು. ಅದನ್ನು ಬದಲಿಸುವ ಅಧಿಕಾರವೂ ಅದೇ ಸಂಸತ್ತಿಗಿತ್ತು. ಆದರೆ 2017ರಲ್ಲಿ ಸರ್ಕಾರವು ತಾನು ಹೊರಬೇಕಾದ ಭಾರವನ್ನು ಅಂಚೆಯ ಮೂಲಕ ಮತದಾರರ ಮನೆಗಳಿಗೆ ಕಳುಹಿಸಿತು. ಆ ಸಮೀಕ್ಷೆ ಕಡ್ಡಾಯವಲ್ಲ, ಅದರ ಫಲಿತಾಂಶ ಸಂಸತ್ತಿಗೆ ಬಂಧಕವೂ ಅಲ್ಲ. ಅದಕ್ಕೆ ತಗುಲಿದ ವೆಚ್ಚ ಎಂಟು ಕೋಟಿ ಆಸ್ಟ್ರೇಲಿಯನ್ ಡಾಲರುಗಳಷ್ಟು. ಸಲಿಂಗ ಸಂಗಾತಿಯೊಡನೆ ಮಕ್ಕಳನ್ನು ಬೆಳೆಸುತ್ತಿದ್ದ ಸೆನೆಟರ್ ಪೆನ್ನಿ ವಾಂಗ್ ಮೊದಲಾದವರು ಇಂತಹ ಮತಗಣನೆಯನ್ನು ಮೊದಲಿನಿಂದಲೂ ವಿರೋಧಿಸಿದ್ದರು. ಪ್ರಚಾರದ ಕಾಲದಲ್ಲಿ ತಮ್ಮ ಕುಟುಂಬಗಳೇ ಚರ್ಚೆಯ ವಸ್ತುವಾಗಿ, ಮಕ್ಕಳ ಕಿವಿಗೆ ನೋವಿನ ಮಾತುಗಳು ಬೀಳುವುವೆಂಬ ಭಯ ಅವರದು.

ಶೇಕಡ 61.6ರಷ್ಟು ಮಂದಿ ಒಪ್ಪಿಗೆ ಸೂಚಿಸಿದರು. 150 ಕ್ಷೇತ್ರಗಳಲ್ಲಿ 17 ನಿರಾಕರಿಸಿದವು. ಅವುಗಳಲ್ಲಿ 12 ಸಿಡ್ನಿಯ ಪಶ್ಚಿಮ ಭಾಗದವು. ಡಿಸೆಂಬರ್ 7ರಂದು ಕೆಳಮನೆಯಲ್ಲಿ ಮಸೂದೆ ಮತಕ್ಕೆ ಬಂದಾಗ ವಿರುದ್ಧವಾಗಿ ನಿಂತವರು ನಾಲ್ವರೇ. ನಿರಾಕರಿಸಿದ ಕ್ಷೇತ್ರಗಳ ಪ್ರತಿನಿಧಿಗಳಲ್ಲಿ ಹಲವರು ತಮ್ಮ ಮತದಾರರ ಇಷ್ಟಕ್ಕೆ ವಿರುದ್ಧವಾಗಿ ಮಸೂದೆಯ ಪರ ನಿಂತರು. ಪ್ರತಿನಿಧಿಯೆಂದರೆ ಮತದಾರನ ಧ್ವನಿಯನ್ನು ಒಪ್ಪಿಸುವ ಸೇವಕನೋ, ಅಥವಾ ತನ್ನ ವಿವೇಕವನ್ನು ಅವನಿಗಾಗಿ ಬಳಸುವ ಧರ್ಮದರ್ಶಿಯೋ ಎಂಬ ಹಳೆಯ ಪ್ರಶ್ನೆಗೆ ಅವರು ಎರಡನೆಯ ಉತ್ತರವನ್ನು ಕೊಟ್ಟರು. ಆ ವಿವೇಕವನ್ನು ಸಮೀಕ್ಷೆಯ ಮೊದಲೇ ಬಳಸಬಹುದಿತ್ತಲ್ಲವೇ ಎಂಬ ಪ್ರಶ್ನೆ ಉಳಿದೇ ಇದೆ.

ಸ್ಲೊವೇನಿಯಾದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿಯ ಸಂಸತ್ತು 2015ರ ಮಾರ್ಚ್‌ನಲ್ಲಿ ಕಾಯಿದೆಯನ್ನು ಮಾಡಿತು. ಮಾನವ ಹಕ್ಕಿನ ವಿಷಯವನ್ನು ಜನಮತಕ್ಕೆ ಹಾಕಲಾಗದೆಂದು ವಾದಿಸಿ ಮತಗಣನೆಯನ್ನು ತಡೆಯಲೂ ಯತ್ನಿಸಿತು. ಹಾಗೆ ತಡೆಯುವ ಅಧಿಕಾರ ಸಂಸತ್ತಿಗಿಲ್ಲವೆಂದು ಸಂವಿಧಾನ ನ್ಯಾಯಾಲಯ ಹೇಳಿತು. ಡಿಸೆಂಬರ್ 20ರಂದು ಮತದಾರರಲ್ಲಿ ಶೇಕಡ 36ರಷ್ಟು ಮಂದಿ ಮಾತ್ರ ಮತಗಟ್ಟೆಗೆ ಬಂದರು. ಅವರಲ್ಲಿ ಶೇಕಡ 63ಕ್ಕೂ ಹೆಚ್ಚು ಮಂದಿ ಕಾಯಿದೆಯನ್ನು ತಿರಸ್ಕರಿಸಿದರು. ಕೊನೆಗೆ 2022ರಲ್ಲಿ ಅದೇ ಸಂವಿಧಾನ ನ್ಯಾಯಾಲಯವು ಈ ನಿರಾಕರಣೆ ಸಂವಿಧಾನಬಾಹಿರವೆಂದು ತೀರ್ಪಿತ್ತಿತು. ಸಂಸತ್ತು ಅಕ್ಟೋಬರ್‌ನಲ್ಲಿ ಕಾಯಿದೆಯನ್ನು ತಿದ್ದಿತು. ಒಂದೇ ಹಕ್ಕು ಏಳು ವರ್ಷಗಳಲ್ಲಿ ಸಂಸತ್ತು, ಜನಮತ, ನ್ಯಾಯಾಲಯ, ಮತ್ತೆ ಸಂಸತ್ತು ಎಂದು ನಾಲ್ಕು ಬಾಗಿಲು ಅಲೆಯಿತು.

ತೈವಾನಿನಲ್ಲಿ ನ್ಯಾಯಾಲಯವೇ ಮೊದಲು ಮಾತನಾಡಿತು. 2017ರ ಮೇ 24ರಂದು 748ನೆಯ ಸಂಖ್ಯೆಯ ವ್ಯಾಖ್ಯಾನದಲ್ಲಿ, ಎರಡು ವರ್ಷಗಳೊಳಗೆ ಸಲಿಂಗ ಜೋಡಿಗಳ ವಿವಾಹಕ್ಕೆ ಕಾಯಿದೆಯ ಅವಕಾಶ ಕಲ್ಪಿಸಬೇಕೆಂದು ಶಾಸನಸಭೆಗೆ ಆದೇಶಿಸಿತು. 2018ರ ನವೆಂಬರ್‌ನ ಜನಮತಗಣನೆಯಲ್ಲಿ ಶೇಕಡ 72ಕ್ಕೂ ಹೆಚ್ಚು ಮಂದಿ, ನಾಗರಿಕ ಸಂಹಿತೆಯ ವಿವಾಹವು ಸ್ತ್ರೀಪುರುಷರಿಗೆ ಮಾತ್ರ ಮೀಸಲಿರಬೇಕೆಂದರು. ಎರಡು ಆಜ್ಞೆಗಳ ನಡುವೆ ಸಿಕ್ಕಿದ ಶಾಸನಸಭೆಯು 2019ರ ಮೇ 17ರಂದು, ಸಂಹಿತೆಯನ್ನು ಮುಟ್ಟದೆ, ಪ್ರತ್ಯೇಕವಾದ ಒಂದು ಕಾಯಿದೆಯನ್ನು ಮಾಡಿತು. ವಿವಾಹವೆಂಬ ಪದಕ್ಕೇ ತಕರಾರಿದ್ದ ಕಾರಣ ಆ ಕಾಯಿದೆಯ ಶೀರ್ಷಿಕೆಯಲ್ಲಿ ಆ ಪದವಿಲ್ಲ. 748ನೆಯ ವ್ಯಾಖ್ಯಾನವನ್ನು ಜಾರಿಗೊಳಿಸುವ ಕಾಯಿದೆಯೆಂದು ಅದರ ಹೆಸರು. ಎರಡೂ ಕಡೆಯವರಿಗೆ ಅದರಿಂದ ಪೂರ್ಣ ತೃಪ್ತಿಯಾಗಲಿಲ್ಲ. ಆದರೆ ಜೋಡಿಗಳು ವಿವಾಹ ನೋಂದಣಿ ಮಾಡಿಸಿಕೊಂಡು ಬಾಳತೊಡಗಿದರು. ತೂಗುವ ಕೆಲಸವೆಂದರೆ ಬಹುಶಃ ಇದೇ. ಎಣಿಕೆಯಲ್ಲಿ ಹೌದು ಅಥವಾ ಇಲ್ಲ ಎಂಬ ಎರಡೇ ಮನೆಗಳಿವೆ. ಮೂರನೆಯದನ್ನು ಹುಡುಕುವ ಅವಕಾಶ ಶಾಸನಸಭೆಗೆ ಮಾತ್ರ ಉಂಟು.

ದೇವಾಲಯದ ಹೊಸ್ತಿಲು ಮತ್ತು ನೋಂದಣಿ ಕಚೇರಿ

ಧಾರ್ಮಿಕ ಸಂಸ್ಥೆಗಳನ್ನು ನಡೆಸುವವರ ಮನಸ್ಸಿನಲ್ಲಿ ಸಹಜವಾಗಿಯೇ ಒಂದು ಆತಂಕವಿರುತ್ತದೆ. ನಾಳೆ ತಮ್ಮ ವಿಧಿಗೆ ಒಪ್ಪದ ವಿವಾಹವನ್ನು ನಡೆಸಿಕೊಡಬೇಕೆಂದು ಸರ್ಕಾರ ಒತ್ತಾಯಿಸೀತೇ ಎಂಬುದು ಆ ಆತಂಕ. ಇದನ್ನು ಅಜ್ಞಾನವೆಂದು ತಳ್ಳಿಹಾಕುವುದು ಸರಿಯಲ್ಲ. ಆದರೆ ವಾಸ್ತವವನ್ನು ನೋಡಿದರೆ, ಮೇನ್ ರಾಜ್ಯದ ಮತದಾರರು 2012ರಲ್ಲಿ ಒಪ್ಪಿದ ಕಾಯಿದೆಯಲ್ಲಿಯೇ, ಯಾವ ಧರ್ಮವನ್ನೂ ಧರ್ಮಗುರುವನ್ನೂ ಇದಕ್ಕೆ ಬಲವಂತಪಡಿಸಲಾಗದೆಂಬ ರಕ್ಷಣೆ ಸೇರಿತ್ತು. ಐರ್ಲೆಂಡಿನಲ್ಲಿಯೂ ಆಸ್ಟ್ರೇಲಿಯಾದಲ್ಲಿಯೂ ಧರ್ಮಗುರುಗಳಿಗೆ ನಿರಾಕರಿಸುವ ಸ್ವಾತಂತ್ರ್ಯ ಉಳಿದಿದೆ. ಧರ್ಮದ ಸಂಸ್ಕಾರವಾದ ವಿವಾಹ ಬೇರೆ, ರಾಜ್ಯವು ಆಸ್ತಿ, ಪಿಂಚಣಿ, ಉತ್ತರಾಧಿಕಾರ, ರೋಗಿಯ ಬಳಿ ಇರುವ ಹಕ್ಕು ಇವುಗಳಿಗಾಗಿ ದಾಖಲಿಸುವ ವಿವಾಹ ಬೇರೆ. ಮೊದಲನೆಯದರಲ್ಲಿ ಮತಗಣನೆಗೂ ಸಂಸತ್ತಿಗೂ ಕೈಹಾಕುವ ಕೆಲಸವಿಲ್ಲ. ಎರಡನೆಯದು ರಾಜ್ಯದ್ದು; ಅಲ್ಲಿ ಒಂದು ಧರ್ಮದ ಅಥವಾ ಬಹುಸಂಖ್ಯಾತರ ಅಭಿರುಚಿಯೇ ಕೊನೆಯ ಮಾತಾಗಲಾರದು. ಈ ಗೆರೆಯನ್ನು ಸ್ಪಷ್ಟವಾಗಿ ಎಳೆಯುವುದರಿಂದ ಎರಡೂ ಕಡೆಯವರಿಗೆ ಹಿತವಿದೆ.

ಭಾರತದ ಮುಂದಿರುವ ಪ್ರಶ್ನೆ

ಭಾರತದ ಸಂವಿಧಾನದಲ್ಲಿ ಕಾಯಿದೆಗಳನ್ನು ಜನಮತಗಣನೆಗೆ ಹಾಕುವ ಪದ್ಧತಿಯಿಲ್ಲ. ವಿವಾಹದಂತಹ ವಿಷಯಗಳನ್ನು ಇಲ್ಲಿ ಶಾಸನಸಭೆಯೇ ತೂಗಿದೆ. ಮೈಸೂರು ಸಂಸ್ಥಾನವು 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿತ್ತು. ಸ್ವಾತಂತ್ರ್ಯಾನಂತರ ಹಿಂದೂ ಸಂಹಿತೆಯ ಮಸೂದೆ ಬಂದಾಗ, ಸಾರ್ವತ್ರಿಕ ಚುನಾವಣೆಯಿಂದ ಆರಿಸಿಬಾರದ ತಾತ್ಕಾಲಿಕ ಸಂಸತ್ತಿಗೆ ಇಂತಹ ಬದಲಾವಣೆಗೆ ಜನಾದೇಶವಿಲ್ಲವೆಂಬ ಆಕ್ಷೇಪ ಎದ್ದಿತು. ಮಸೂದೆ ಸ್ಥಗಿತವಾಯಿತು; 1951ರ ಸೆಪ್ಟೆಂಬರ್‌ನಲ್ಲಿ ಡಾ. ಅಂಬೇಡ್ಕರ್ ಅವರು ಸಚಿವ ಪದವಿಗೆ ರಾಜೀನಾಮೆ ನೀಡಿದರು. ಮೊದಲ ಸಾರ್ವತ್ರಿಕ ಚುನಾವಣೆ ಮುಗಿದ ಮೇಲೆ 1955 ಮತ್ತು 1956ರಲ್ಲಿ ಅದೇ ವಿಷಯಗಳು ನಾಲ್ಕು ಕಾಯಿದೆಗಳಾಗಿ ಬಂದವು. ಅವುಗಳಲ್ಲಿ ಮೊದಲನೆಯದಾದ ಹಿಂದೂ ವಿವಾಹ ಕಾಯಿದೆಯೇ ಇಂದಿಗೂ ಜೈನ ಕುಟುಂಬಗಳ ವಿವಾಹಗಳಿಗೂ ಅನ್ವಯಿಸುತ್ತಿದೆ. ಬಹುಪತ್ನೀತ್ವದ ನಿಷೇಧ, ಸ್ತ್ರೀಗೂ ವಿಚ್ಛೇದನದ ಹಕ್ಕು ಇವೆಲ್ಲ ಆ ಕಾಲದಲ್ಲಿ ಪರಂಪರೆಯ ನಾಶವೆಂದು ಅನೇಕ ಸಜ್ಜನರಿಗೆ ತೋರಿದ್ದವು. ಇಂದು ಅವುಗಳನ್ನು ಯಾವ ಮನೆಯೂ ಪ್ರಶ್ನಿಸುವುದಿಲ್ಲ.

ಸಂಖ್ಯೆಗೂ ಹಕ್ಕಿಗೂ ಇರುವ ಸಂಬಂಧವನ್ನು ನಮ್ಮ ಸರ್ವೋಚ್ಚ ನ್ಯಾಯಾಲಯವೂ ವಿಚಾರಿಸಿದೆ. 2013ರ ಡಿಸೆಂಬರ್ 11ರ ತೀರ್ಪಿನಲ್ಲಿ ಅದು ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೆಯ ಕಲಮನ್ನು ಎತ್ತಿಹಿಡಿಯುತ್ತ, ಬಾಧಿತರು ಜನಸಂಖ್ಯೆಯ ಅತ್ಯಲ್ಪ ಭಾಗ ಮಾತ್ರವೆಂಬುದನ್ನು ಒಂದು ಕಾರಣವಾಗಿ ಹೇಳಿತ್ತು. ನಾಲ್ಕು ವರ್ಷಗಳ ಬಳಿಕ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ, ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಹಕ್ಕುಳ್ಳವರ ಸಂಖ್ಯೆ ಚಿಕ್ಕದೆಂಬುದು ಹಕ್ಕನ್ನು ನಿರಾಕರಿಸಲು ಕಾರಣವಾಗದೆಂದು ಅಲ್ಲಿ ಸ್ಪಷ್ಟಪಡಿಸಲಾಯಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಪರಸ್ಪರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂಬ ತೀರ್ಪು ಬಂದಿತು.

ವಿವಾಹದ ಪ್ರಶ್ನೆಯಲ್ಲಿ ನ್ಯಾಯಾಲಯವು ಬೇರೆ ನಿಲುವು ತಾಳಿತು. 1954ರ ವಿಶೇಷ ವಿವಾಹ ಕಾಯಿದೆಯಡಿ ತಮಗೂ ಅವಕಾಶ ಬೇಕೆಂದು ಕೇಳಿದ ಅರ್ಜಿಗಳ ಮೇಲೆ 2023ರ ಅಕ್ಟೋಬರ್ 17ರಂದು ಐವರ ಪೀಠ ತೀರ್ಪಿತ್ತಿತು. ವಿವಾಹವಾಗುವುದು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರೂ ಒಮ್ಮತ ತೋರಿದರು. ಸಹಜೀವನಕ್ಕೆ ಬೇರೆ ರೂಪದ ಮಾನ್ಯತೆಯನ್ನೂ ಮೂವರು ನಿರಾಕರಿಸಿದರು. ಇದನ್ನು ತೀರ್ಮಾನಿಸುವ ಕೆಲಸ ಶಾಸನಸಭೆಯದೆಂದು ಹೇಳಲಾಯಿತು. ಪುನರ್ವಿಮರ್ಶೆಯ ಅರ್ಜಿಗಳು 2025ರ ಜನವರಿಯಲ್ಲಿ ವಜಾ ಆದವು. ಈ ನಡುವೆ, ಸಲಿಂಗ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿಯಾಗಿ ಸೂಚಿಸಲು ಯಾವ ನಿರ್ಬಂಧವೂ ಇಲ್ಲವೆಂದು ಹಣಕಾಸು ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು.

ಖಾತೆ ತೆರೆಯುವುದು ಚಿಕ್ಕ ವಿಷಯವಲ್ಲ. ಆದರೆ ಮೂವತ್ತು ವರ್ಷ ಒಂದೇ ಮನೆಯಲ್ಲಿ ಬಾಳಿದ ಇಬ್ಬರಲ್ಲಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ, ಉಳಿದವರು ಕಾಯಿದೆಯ ಕಣ್ಣಿನಲ್ಲಿ ಇಂದಿಗೂ ಪರಕೀಯರು. ನಾಮಿನಿಗೆ ಹಣವನ್ನು ಸ್ವೀಕರಿಸುವ ಅಧಿಕಾರವಿದೆ, ವಾರಸುದಾರಿಕೆ ಇಲ್ಲವೆಂಬುದನ್ನು ವ್ಯವಹಾರಸ್ಥರು ಬಲ್ಲರು. ಇಂತಹ ಪ್ರಶ್ನೆಗಳನ್ನು ನ್ಯಾಯಾಲಯ ಸಂಸತ್ತಿಗೆ ಬಿಟ್ಟಿದೆ, ಸಂಸತ್ತು ಇನ್ನೂ ಕೈಗೆತ್ತಿಕೊಂಡಿಲ್ಲ. ತಕ್ಕಡಿಯನ್ನು ಮುಟ್ಟದೆ ಇರುವುದು ಎರಡೂ ಕಡೆಗೆ ಸಮನಾಗಿ ಕಾಣಬಹುದು. ವಾಸ್ತವದಲ್ಲಿ ಅದರ ನಷ್ಟವನ್ನು ಹೊರುತ್ತಿರುವವರು ಒಂದೇ ಕಡೆಯವರು. ಬೇಡವೆನ್ನುವುದಾದರೂ ಕೇಳಿ, ಚರ್ಚಿಸಿ, ಕಾರಣ ಹೇಳಿ ಬೇಡವೆನ್ನುವುದು ಶಾಸನಸಭೆಗೆ ಒಪ್ಪುವ ಮಾತು.

ಇಷ್ಟು ದೇಶಗಳ ಅನುಭವದಿಂದ ಹೊರಡುವ ತಾತ್ಪರ್ಯ ಸರಳವಾದುದು. ಇನ್ನೊಬ್ಬರ ಬಾಳಿನ ಮೇಲೆ ತೀರ್ಪು ಕೊಡುವ ಅಧಿಕಾರ ಯಾರ ಕೈಯಲ್ಲಿದ್ದರೂ, ಆ ಇನ್ನೊಬ್ಬರ ಮಾತನ್ನು ಮೊದಲು ಕೇಳುವ ಮತ್ತು ತನ್ನ ತೀರ್ಪಿಗೆ ಕಾರಣ ಹೇಳುವ ಹೊಣೆ ಅದರೊಡನೆಯೇ ಬರುತ್ತದೆ. ಆ ಹೊಣೆಯನ್ನು ನಿರ್ವಹಿಸಿದ ಜನಮತಗಣನೆ ಐರ್ಲೆಂಡಿನಂತೆ ಊರನ್ನು ಒಡೆಯದೆ ನಡೆದೀತು. ಅದನ್ನು ನಿರ್ವಹಿಸದ ಬಹುಮತ, ಅದು ಮತಗಟ್ಟೆಯದಿರಲಿ ಸಂಸತ್ತಿನದಿರಲಿ, ಸಂಖ್ಯಾಬಲವಾಗಿಯೇ ಉಳಿಯುತ್ತದೆ.

ಈ ಹೊಣೆ ದೇಶದ ಮಟ್ಟದಲ್ಲಿ ನಿಲ್ಲುವಂತಹುದೂ ಅಲ್ಲ. ಕುಟುಂಬದ ಹಿರಿಯರ ಮುಂದೆ ಮಗನೋ ಮಗಳೋ ಬಂದು, ಬಹುಕಾಲ ಬಚ್ಚಿಟ್ಟುಕೊಂಡಿದ್ದ ಮಾತನ್ನು ತಡೆತಡೆದು ಹೇಳುವ ದಿನ ಯಾವ ಮನೆಗಾದರೂ ಬರಬಹುದು. ಆಗ ಹಿರಿಯರು ಒಪ್ಪುವರೋ ಬಿಡುವರೋ ಅದು ಅವರ ಶ್ರದ್ಧೆಗೆ ಸೇರಿದ್ದು. ಆದರೆ ಮನೆಯಲ್ಲಿ ಎಷ್ಟು ಮಂದಿ ವಿರುದ್ಧವಾಗಿದ್ದಾರೆಂದು ಎಣಿಸುವುದಕ್ಕೆ ಮೊದಲು, ಹೇಳಬಂದವರನ್ನು ಕುಳ್ಳಿರಿಸಿಕೊಂಡು ಅವರ ಮಾತು ಮುಗಿಯುವವರೆಗೆ ಕೇಳುವುದು ಹಿರಿಯರಾದವರ ಕರ್ತವ್ಯ.